ಸೊಂಟಕ್ಕೆ ಎರಡು ಬೆರಳು

ಕಂಬಿ ಇನ್ನೂ ನಡುಗುತ್ತಿದೆ, ಹಿಂದಿನ ಹುಡುಗಿ ಇಳಿದು ತನ್ನ ಬೆಂಚಿಗೆ ಹೋಗಿ ಕೂತದ್ದಾಯಿತು, ಆದರೂ ಮೇಲಿನ ಕಂಬಿ ಕಂಡೂ ಕಾಣದಂತೆ ನಡುಗುತ್ತಲೇ ಇದೆ, ನಿಲ್ಲಲಿ, ಅದು ನಿಂತ ಮೇಲೆ ಪ್ರಮೀಳಾ ಹತ್ತಲಿ ಎಂದುಕೊಂಡರು ಮರಿಸ್ವಾಮಿ ಮೇಷ್ಟ್ರು — ಪಾಂಡವಪುರದ ಡ್ರಿಲ್ ಮೇಷ್ಟ್ರು, ಎರಡು ವಿಮಾನ ಬದಲಿಸಿ ಬಂದು, ಹೆಸರಿಗೆ ನಾಲಿಗೆ ಹೊರಳದ ಈ ಊರಿನಲ್ಲಿ, ಜಿಮ್ನಾಸ್ಟಿಕ್ಸ್ ಪಂದ್ಯಕ್ಕೆ ಕಟ್ಟಿದ ಏಷ್ಯಾದ ಅಷ್ಟೂ ದೇಶಗಳ ಬಾವುಟಗಳ ಕೆಳಗೆ, ತೊಟ್ಟ ಕೋಟಿನೊಳಗೆ ಬೆವರುತ್ತ ನಿಂತವರು. ಹದಿನಾರರ ಪ್ರಮೀಳಾ ಕೈ ಜಾರದಿರಲೆಂದು ಪೆಟ್ಟಿಗೆಯ ಬಿಳಿ ಪುಡಿಯನ್ನು ಅಂಗೈಗೆ ಉಜ್ಜಿಕೊಳ್ಳುತ್ತಿದ್ದಾಳೆ, ಮೊದಲ ಎಂಟು ಮಂದಿಯೊಳಗೆ ಬಂದರೆ ನಾಳಿದ್ದು ಫೈನಲ್ಲು, ಎಂಟನೆಯವಳಿಗೂ ಇವಳಿಗೂ ಕೂದಲೆಳೆಯಷ್ಟೇ ಅಂತರ, ಚೊಕ್ಕವಾಗಿ ಮುಗಿಸಿದರೆ ಒಳಗೆ, ಮೇಷ್ಟ್ರ ಕೈ ಮೈಗೆ ತಾಕಿತೆಂದರೆ ಅಂಕ ಕಡಿತ, ಅಲ್ಲಿಗೆ ಹೊರಗೆ, ಕೈ ತಾಕಿಸದೆ ಸುಮ್ಮನಿದ್ದು ಅವಳೇನಾದರೂ ಕಂಬಿ ತಪ್ಪಿದಳೋ — ಬಿಳಿಯ ಎರಡು ಅಂಗೈ, ಅದರಾಚೆ ಕಂಬಿ, ನಡುವೆ ಗಾಳಿ — ಬೇಡ, ಅದನ್ನು ಈಗ ಕಾಣಬಾರದು, ಕಂಬಿ ನಿಂತಿತೇ, ನಿಂತಿತು.

ಎಲ್ಲ ವರಸೆಗಳೂ ಅವಳಿಗೆ ನೀರು ಕುಡಿದಷ್ಟು ಸಲೀಸು, ಒಂದನ್ನು ಬಿಟ್ಟು, ಮೇಲಿನ ಕಂಬಿಯಲ್ಲಿ ಜೀಕಿ, ಎರಡೂ ಕೈ ಬಿಟ್ಟು, ಗಾಳಿಯಲ್ಲಿ ಒಂದು ಪಲ್ಟಿ ಹೊಡೆದು ಅದೇ ಕಂಬಿಯನ್ನು ಮತ್ತೆ ಹಿಡಿಯುವುದು, ಪಾಂಡವಪುರದ ಆ ಹಳೆಯ ಭತ್ತದ ಗೋದಾಮಿನಲ್ಲಿ, ಟ್ರಾಕ್ಟರು ರಿಪೇರಿಯವನು ಬೆಸುಗೆ ಹಾಕಿಕೊಟ್ಟ ಕಂಬಿಗಳ ಮೇಲೆ, ಆಲೆಮನೆಯ ಕಬ್ಬಿನ ಸಿಪ್ಪೆ ತುಂಬಿದ ಗೋಣಿಚೀಲಗಳ ಹಾಸಿನ ಮೇಲೆ, ಸಾವಿರ ಸಲ ಹಿಡಿದಿದ್ದಾಳೆ, ಸಾವಿರ ಸಲವೂ ಬೆಂಚಿನ ಮೇಲೆ ನಿಂತ ಮೇಷ್ಟ್ರ ಎರಡು ಬೆರಳು ಅವಳ ಸೊಂಟದ ಹಿಂದೆ ಇದ್ದವು, ಎತ್ತುವುದಕ್ಕಲ್ಲ, ಸುಮ್ಮನೆ, ತುಂಬಿದ ಕೊಡದ ಕಂಠಕ್ಕೆ ಬೆರಳು ಆನಿಸಿದ ಹಾಗೆ. ಮೂರು ತಿಂಗಳ ಹಿಂದೆ ಅವಳು ಕೇಳಿದಳು, ಕೈ ತಗುದ್ಬುಟ್ರಾ ಮೇಷ್ಟ್ರೇ, ತಗ್ದೆ ಕಣವ್ವ, ಇವತ್ತು ನೀನೊಬ್ಳೇ ಮಾಡ್ದೆ ಅಂದರು, ಹುಡುಗಿಯ ಮುಖ ಅರಳಿತು, ಮಾರನೆಯ ದಿನವೂ ಬೆರಳು ಇದ್ದವು, ಅದರ ಮಾರನೆಯ ದಿನವೂ, ಇಲ್ಲಿಗೆ ಹೊರಡುವ ಹಿಂದಿನ ದಿನದವರೆಗೂ ಇದ್ದವು, ತಾನೊಬ್ಬಳೇ ಮಾಡಬಲ್ಲೆನೆಂದು ನಂಬಿ ಬಂದಿರುವ ಈ ಮಗು ಅದನ್ನು ಒಬ್ಬಳೇ ಒಂದು ಸಲವೂ ಮಾಡಿಲ್ಲ, ಇದು ಮೇಷ್ಟ್ರೊಬ್ಬರಿಗೇ ಗೊತ್ತು.

ಮೇಷ್ಟ್ರ ಅಪ್ಪ ಮುದ್ದಯ್ಯ ಹೀಗೆ ಮಾಡಿರಲಿಲ್ಲ, ನಾಲೆಯಲ್ಲಿ ಈಜು ಕಲಿಸುವಾಗ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು, ಇಡ್ಕೊಂಡಿವ್ನಿ ಕಣ್ಲಾ, ಕಾಲ್ ಬಡಿಲಾ, ಎಮ್ಮೆ ಅಂಗೆ ಬಿದ್ಕೊಬ್ಯಾಡ ಅನ್ನುತ್ತಿದ್ದರು, ಬಡಿದು ಬಡಿದು ತಿರುಗಿ ನೋಡಿದರೆ ಅಪ್ಪ ದಡದ ಮೇಲೆ ಕೂತು ಬೀಡಿ ಹಚ್ಚುತ್ತಿದ್ದರು, ಕೈ ಬುಟ್ಟು ಎಷ್ಟೊತ್ತಾಯ್ತು ಗೊತ್ತೇನ್ಲಾ, ಅಪ್ಪ ಹಿಡಿದಿದ್ದೇನೆಂದು ಸುಳ್ಳು ಹೇಳಿ ಬಿಟ್ಟರು, ತಾನು ಬಿಟ್ಟಿದ್ದೇನೆಂದು ಸುಳ್ಳು ಹೇಳಿ ಹಿಡಿದವನು, ಯಾವ ಸುಳ್ಳು ದೊಡ್ಡದು — ಅಪ್ಪ ನಾಗಮಂಗಲ ಕಂಡವರಲ್ಲವಲ್ಲ, ವರ್ಷಗಳ ಹಿಂದೆ ಅಲ್ಲಿಯ ಮೈದಾನದ ಪ್ರದರ್ಶನದಲ್ಲಿ ಸುನಿತಾ ಎಂಬ ಹನ್ನೆರಡರ ಮಗು ಇಂಥದೇ ಕಂಬಿ ತಪ್ಪಿದಾಗ ಹತ್ತಿರವಿದ್ದೂ ಕೈ ಚಾಚದೆ ನಿಂತವನು ತಾನು, ಕಲಿತಿದ್ದಾಳೆ ಬಿಡು ಎಂದು ನಿಂತವನು, ಮೊಣಕೈ ಮುರಿದ ಸದ್ದು ಹಸಿ ಕಬ್ಬು ಮುರಿದಂತೆಯೇ ಇತ್ತು, ಸುನಿತಾಳನ್ನು ಕೆ.ಆರ್. ಪೇಟೆಗೆ ಕೊಟ್ಟಿದ್ದಾರೆ, ಹೋದ ವರ್ಷ ಬಸ್ಸಿನಲ್ಲಿ ಸಿಕ್ಕಳು, ಚೆಂದಾಗಿವ್ನಿ ಮೇಷ್ಟ್ರೇ, ಕೈ ಒಂದು ತಲೆ ಮ್ಯಾಕ್ ಓಗಕ್ಕಿಲ್ಲ, ಜಡೆ ಅತ್ತೆ ಆಕ್ತಾರೆ, ಒಳ್ಳೆ ಅತ್ತೆ ಸಿಕ್ಕವ್ರೆ ಬುಡಿ ಎಂದು ನಕ್ಕಳು, ಆ ನಗು ನೆನೆದರೆ ಬೆರಳುಗಳು ತಾವಾಗಿಯೇ ಮೇಲೇಳುತ್ತವೆ, ಈಗಲೂ ಏಳುತ್ತಿವೆ, ಇನ್ನೂ ಅವಳು ಹತ್ತೇ ಇಲ್ಲ.

ಹತ್ತುವ ಮುನ್ನ ಹತ್ತಿರ ಬಂದಳು, ಮೊಣಕೈವರೆಗೂ ಬಿಳುಪು, ಈಗಲಾದರೂ ಹೇಳಿಬಿಡಬೇಕು, ಆ ಪಲ್ಟಿ ಬಿಟ್ಟುಬಿಡವ್ವ, ಫೈನಲ್ಲು ಬೇಡ, ನಿಮ್ಮವ್ವ ಮಂಚಮ್ಮ ರೈಲ್ವೆ ಸ್ಟೇಷನ್ನಿನಲ್ಲಿ ಹೇಳಿದ್ದೇನು, ಮೆಡ್ಲು ಬತ್ತದೋ ಬುಡ್ತದೋ, ನನ್ ಮಗಳ್ನ ಕರ್ಕೊಂಡೋದಂಗೇ ಕರ್ಕೊಂಬನ್ನಿ, ಮೆಡ್ಲಲ್ಲೇನು ಕಬ್ಬು ಕಡಿಯಕ್ಕಾಯ್ತದಾ — ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಅವಳೇ, ಮೇಷ್ಟ್ರೇ, ಇವತ್ತು ಆ ಎರಡು ಬೆಟ್ಟೂ ಬ್ಯಾಡ ಅಂದಳು. ಯಾವ ಬೆಟ್ಟವ್ವ ಅಂದರು ಮೇಷ್ಟ್ರು, ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸುತ್ತ. ನಂಗೊತ್ತು ಬುಡಿ, ದಿನಾ ಬಟ್ಟೆ ಒಗಿವಾಗ ಅವ್ವ ತೋರುಸ್ತಿತ್ತು, ಸೊಂಟದ ತಾವ ಬಿಳಿ ಪುಡಿಯ ಎರಡು ಬೆಟ್ಟಿನ ಗುರ್ತು, ಬೈಬ್ಯಾಡ ಅವ್ರನ್ನ, ನಿನ್ನ ಕಾಯ್ತಾವ್ರೆ ಅಂತಿತ್ತು. ಇಷ್ಟು ದಿನ ಯಾಕವ್ವ ಸುಮ್ಕಿದ್ದೆ ಅಂದರು, ನಿಮ್ಗೆ ಭಯ ಆಯ್ತದಲ್ಲ, ಅದ್ಕೆ ಅಂದು ತಿರುಗಿ ಹೊರಟಳು, ಹಸಿರು ದೀಪ ಹತ್ತಿತು, ತೀರ್ಪುಗಾರರು ತಲೆಯೆತ್ತಿದರು, ಇನ್ನು ಕರೆಯುವಂತಿಲ್ಲ.

ಕೆಳಗಿನ ಕಂಬಿಯಿಂದ ಮೇಲಿನದಕ್ಕೆ ಹಾರಿದಳು, ಅಳೆದು ಹಾರಿದಂತಿದೆ, ಜೀಕು ಒಂದು, ಮೇಷ್ಟ್ರು ಕಂಬಿಯ ಕೆಳಗೆ ಸರಿದು ನಿಂತರು, ನಿಲ್ಲಲು ಅಡ್ಡಿಯಿಲ್ಲ, ಆರಡಿಯ ಮೈ, ಕೈಯೆತ್ತಿದರೆ ಸೊಂಟ ಸಿಗುತ್ತದೆ, ಜೀಕು ಎರಡು, ಕಂಬದ ಉಕ್ಕಿನ ಕಟ್ಟುಹಗ್ಗ ಚಟ್ಟೆಂದು ಬಿಗಿಯಿತು, ಕಬ್ಬು ಮುರಿದ ಸದ್ದು, ಅಲ್ಲ, ಅದು ಹಗ್ಗ, ಹಗ್ಗವೇ, ಬಿಟ್ಟಳು — ಬಲಗೈ ಎದ್ದಿತು, ಅವರು ಎತ್ತಿದ್ದಲ್ಲ, ಎಡಗೈ ಅದರ ಮಣಿಕಟ್ಟನ್ನು ಹಿಡಿದು ಕೆಳಕ್ಕೆಳೆಯಿತು, ಹೋರಿಯ ಮೂಗುದಾರ ಎಳೆದ ಹಾಗೆ, ಎರಡೂ ಕೈ ಹೊಟ್ಟೆಗೆ ಅವುಚಿಕೊಂಡು ಮೇಷ್ಟ್ರು ಬಿಟ್ಟ ಕಣ್ಣಿನಲ್ಲಿ ಮೇಲೆ ನೋಡುತ್ತಿದ್ದಾರೆ, ಅವಳ ಮೈ ಮುದುಡಿತು, ತಿರುಗಿತು, ಬಿಚ್ಚಿತು, ಸದ್ದಾಯಿತು, ಸಿಕ್ಕಿತು, ಹಿಡಿದಳು, ಯಾರೋ ಚಪ್ಪಾಳೆ ತಟ್ಟುತ್ತಿದ್ದಾರೆ, ಅವಳು ಮುಂದಿನ ಜೀಕಿನಲ್ಲಿದ್ದಾಳೆ, ಇಳಿಯುತ್ತಿದ್ದಾಳೆ, ಇಳಿದಳು, ಮೇಷ್ಟ್ರೇ ಎನ್ನುತ್ತಿದ್ದಾಳೆ, ಮೇಷ್ಟ್ರೇ, ಕೈ ಬುಡಿ, ನಿಮ್ ಕೈ ನೀವೇ ಯಾಕಿಂಗೆ ಇಚುಕ್ತಿದ್ದೀರಿ, ಕೇಳುತ್ತಿದೆ, ಆದರೆ ಕಣ್ಣು ಮೇಲಿನಿಂದ ಕಿತ್ತು ಬರುತ್ತಿಲ್ಲ, ಆ ಕಣ್ಣಿಗೆ ಅವಳು ಇನ್ನೂ ಅಲ್ಲಿಯೇ ಇದ್ದಾಳೆ — ಬಿಳಿಯ ಎರಡು ಅಂಗೈ, ಅದರಾಚೆ ಕಂಬಿ, ನಡುವೆ ಗಾಳಿ, ಎರಡು ಅಂಗೈ, ಕಂಬಿ, ನಡುವೆ