ಲಗತ್ತಿಸಿದ್ದೇನೆ ಎಂದರೆ

ಹನುಮಂತನಗರದ ಮನೆಯ ನಡುಮನೆಯಲ್ಲಿ ಕೂತು ಶಂಭುಲಿಂಗಪ್ಪನವರು ತುಮಕೂರಿನ ತಂಗಿಯ ಕಾಗದವನ್ನು ಮೂರನೆಯ ಸಲ ಕೊಡವಿದರು. ಏನೂ ಉದುರಲಿಲ್ಲ. ‘ಅವ್ವನ ಫೋಟೋ ಲಗತ್ತಿಸಿದ್ದೇನೆ’ ಎಂದು ರುದ್ರಾಣಿ ದುಂಡಗೆ ಬರೆದಿದ್ದಳು. ಅವ್ವನದು ಇದ್ದದ್ದೇ ಅದೊಂದು ಫೋಟೋ. ಅದು ಯಾರ ಮನೆಯಲ್ಲಿರಬೇಕೆಂದು ಜಗಳವಾಗಿ ಅಣ್ಣತಂಗಿ ಮಾತು ಬಿಟ್ಟು ಮೂರು ವರ್ಷ. ಈಗ ತಾನಾಗಿಯೇ ಕಳಿಸುತ್ತಾಳೆಂದರೆ ಆಗಲೇ ಅನುಮಾನ ಬರಬೇಕಿತ್ತು.

ಕಾಗದದ ಮೂಲೆಯಲ್ಲಿ ಪಿನ್ನು ಚುಚ್ಚಿದ ಎರಡು ತೂತುಗಳಿದ್ದವು. ಹಾಗಾದರೆ ಬಿಡಿಸಿದವರು ಯಾರು? ಅಂಚೆಯವನನ್ನು ಒಂದು ಗಳಿಗೆ ಅನುಮಾನಿಸಿದರು, ಮೊಮ್ಮಗಳು ಮಾನ್ಯಳನ್ನು ಅರ್ಧ ಗಂಟೆ. ಮನೆಮಂದಿಯ ದನಿಯನ್ನೆಲ್ಲ ಅಣಕಿಸುವ ಹುಡುಗಿ, ಏನು ಬೇಕಾದರೂ ಮಾಡಿಯಾಳು. ಕೊನೆಗೆ ಅನುಮಾನ ಊರೆಲ್ಲ ಸುತ್ತಿ ತಂಗಿಯ ಮೇಲೇ ಬಂದು ಕೂತಿತು. ಬೇಕೆಂದೇ ತೂತು ಹಾಕಿ ಬರೀ ಕಾಗದ ಕಳಿಸಿದ್ದಾಳೆ. ಫೋನ್ ಹಚ್ಚಿದರು.

“ಲಗತ್ತಿಸೋದು ಅಂದ್ರೆ ಏನಮ್ಮಾ? ಜೊತೇಲಿ ಇಟ್ಟು ಕಳಿಸೋದು ತಾನೇ? ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದೋಳು ನೀನು.”

ರುದ್ರಾಣಿ ಫೋನ್ ಇಟ್ಟುಬಿಟ್ಟಳು. ಸಿಕ್ಕಿಬಿದ್ದಳು, ಎಂದುಕೊಂಡರು.

ಮರುದಿನ ಪೂಜೆಗೆ ಕೂತು ಬಿಲ್ವಪತ್ರೆಯ ಲಕೋಟೆಗೆ ಕೈಹಾಕಿದರು. ಕಾಟನ್‌ಪೇಟೆಯ ನೂಲಿನ ಅಂಗಡಿಯಲ್ಲಿ ನಲವತ್ತು ವರ್ಷ ಕೂತು ಬಂದ ಅಭ್ಯಾಸ ಅದು: ಬಂದ ಲಕೋಟೆಯ ಅಂಟು ಬಿಡಿಸಿ, ಒಳಮೈ ಹೊರಗೆ ಮಾಡಿ ಮತ್ತೆ ಅಂಟಿಸುವುದು, ಪಿನ್ನು ಕಂಡರೆ ಕಿತ್ತು ಡಬ್ಬಿಗೆ ಹಾಕುವುದು, ರಟ್ಟು ಸಿಕ್ಕರೆ ತಳಕ್ಕೆ ಕೊಟ್ಟು ಗಟ್ಟಿ ಮಾಡುವುದು. ಕಾಗದ ಓದುವ ಮೊದಲೇ ಕೈ ಇದೆಲ್ಲ ಮುಗಿಸಿರುತ್ತದೆ; ರುದ್ರಾಣಿಯ ಲಕೋಟೆಗೂ ಅದೇ ಆಗಿತ್ತು. ಇಂದು ಪತ್ರೆಯ ತೇವಕ್ಕೆ ತಳದ ರಟ್ಟು ಬಾಯಿ ಬಿಟ್ಟಿತ್ತು. ಅದು ಒಂದಲ್ಲ, ಅಂಚಿಗೆ ಟೇಪು ಸುತ್ತಿದ ಎರಡು ರಟ್ಟು. ನಡುವಿನಿಂದ ಅವ್ವ ನೋಡುತ್ತಿದ್ದಳು, ಹಣೆ ತುಂಬ ವಿಭೂತಿ.

ಪೂಜೆ ಅರ್ಧಕ್ಕೆ ನಿಂತಿತು. ಮಾನ್ಯಳನ್ನು ಹತ್ತಿರ ಕರೆದು, ನನ್ನ ದನಿಯಲ್ಲೇ ತುಮಕೂರಿನ ಅಜ್ಜಿಗೆ ಫೋನ್ ಮಾಡಿ ತಪ್ಪಾಯ್ತು ಅಂದುಬಿಡು ಎಂದು ಪಿಸುಗುಟ್ಟಿದರು. ಅವಳು ತಾತನ ಕೆಮ್ಮನ್ನೂ ಸೇರಿಸಿ ಸೊಗಸಾಗಿ ಅಂದಳು: “ಲೇ ರುದ್ರಾ, ತಪ್ಪಾಯ್ತು ಕಣೇ. ಫೋಟೋ ಸಿಕ್ತು.”

ಆ ಕಡೆ ರುದ್ರಾಣಿ ನಕ್ಕುಬಿಟ್ಟಳು.

“ಮಾನ್ಯಾ, ಕೆಮ್ಮು ಚೆನ್ನಾಗಿ ಬಂತು ಕಣೇ. ಆದ್ರೆ ನಮ್ಮಣ್ಣ ತಪ್ಪಾಯ್ತು ಅಂದಿದ್ದು ನಾನು ಹುಟ್ಟಿದಾಗಿಂದ ಕೇಳಿಲ್ಲ. ಅಣ್ಣಂಗೆ ಕೊಡು ಫೋನು.”

ಶಂಭುಲಿಂಗಪ್ಪನವರು ಕಚ್ಚೀತೇನೋ ಎಂಬಂತೆ ಫೋನನ್ನು ನೋಡಿ ತೆಗೆದುಕೊಂಡರು. ಕೆಮ್ಮಿದರು. ಅದು ಮಾನ್ಯಳದಷ್ಟು ಚೆನ್ನಾಗಿ ಬರಲಿಲ್ಲ.

“ರುದ್ರಾ, ಅವ್ವ ಇಲ್ಲೇ ಇದಾಳೆ. ತಪ್ಪು ನಂದೇ.”