ನಡತೆಗೆ ಇಬ್ಬರ ಸಹಿ

ಜಿಲ್ಲಾ ನ್ಯಾಯಾಲಯದಲ್ಲಿ ಮೊಕದ್ದಮೆಗಳು ಬೆಟ್ಟದಂತೆ ಬೆಳೆದಿದ್ದವು. ಕೊನೆಗೆ ಹೈಕೋರ್ಟು ಶಿಫಾರಸು ಮಾಡಿ, ಸರ್ಕಾರ ಆದೇಶ ಹೊರಡಿಸಿ, ಎರಡು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಹೊಸ ನ್ಯಾಯಾಲಯ ತೆರೆಯುವುದೆಂದಾಯಿತು. ಹಳೆಯ ಉಗ್ರಾಣವೊಂದಕ್ಕೆ ಬಣ್ಣ ಬಳಿದು, ಪೀಠಕ್ಕೆ ಮರದ ಕಟ್ಟೆ ಮಾಡಿ, ಕಟಕಟೆ ತಂದಿಟ್ಟರು. ಕೂರುವ ನ್ಯಾಯಾಧೀಶರೊಬ್ಬರು ಬರುವುದು ಬಾಕಿ. ಏಳು ವರ್ಷ ವಕೀಲಿ ಮಾಡಿದವರು ಪರೀಕ್ಷೆ ಬರೆಯಬಹುದೆಂದು ಪ್ರಕಟಣೆ ಹೊರಟಿತು.

ಬರೆದವರಲ್ಲಿ ಗಡಿಯಾರ ಮೇಡಂ ಕೂಡ ಒಬ್ಬಳು. ವಕೀಲರ ಕೋಣೆಯಲ್ಲಿ ಆಕೆಗೆ ಈ ಹೆಸರು ಬಿದ್ದು ಹದಿನಾರು ವರ್ಷವಾಗಿತ್ತು. ಕೋರ್ಟು ಕೂರುವ ಐದು ನಿಮಿಷ ಮೊದಲು ಒಳಗೆ, ಏಳುತ್ತಲೇ ಹೊರಗೆ. ನಡುವೆ ಒಂದು ಲೋಟ ಚಹಾಕ್ಕೂ ಯಾರ ಜೊತೆ ಕೂತವಳಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ ಇದ್ದಳು. ತಾಯಿ ತೀರಿಕೊಂಡು ಎರಡು ವರ್ಷವಾದರೂ ಕಾಲುಗಳು ಅದೇ ಹೊತ್ತಿಗೆ ಮನೆಯ ದಾರಿ ಹಿಡಿಯುತ್ತಿದ್ದವು. ಖಾಲಿ ಮನೆಯಲ್ಲಿ ಓದದೆ ಬೇರೇನು ಮಾಡುವುದು? ಲಿಖಿತ ಪರೀಕ್ಷೆ ದಾಟಿತು. ಸಂದರ್ಶನದಲ್ಲಿ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಪಟ್ಟಿಯಲ್ಲಿ ಆಕೆಯದೇ ಮೊದಲ ಹೆಸರು.

ಆಮೇಲೆ ಅಂಚೆಯಲ್ಲಿ ನಮೂನೆಗಳ ಕಟ್ಟು ಬಂತು. ಅದರಲ್ಲೊಂದು ನಡತೆಯ ಪತ್ರ: ಅಭ್ಯರ್ಥಿಯನ್ನು ಐದು ವರ್ಷದಿಂದ ಹತ್ತಿರದಿಂದ ಬಲ್ಲ, ಸಂಬಂಧಿಕರಲ್ಲದ ಇಬ್ಬರು ಬರೆದು ಸಹಿ ಹಾಕಬೇಕು. ಪೆನ್ನು ಹಿಡಿದು ಕೂತವಳಿಗೆ ಒಂದು ಹೆಸರೂ ಹೊಳೆಯಲಿಲ್ಲ. ಅಕ್ಕನಿಗೆ ಫೋನ್ ಮಾಡಿದಳು.

"ಅಷ್ಟಕ್ಕೆ ಯಾಕೆ ತಲೆ ಕೆಡಿಸ್ಕೋತೀಯ, ನಾನೇ ಬರ್ಕೊಡ್ತೀನಿ. ನಿನ್ನ ನಡತೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

"ಒಡಹುಟ್ಟಿದವರು ಬರೆಯೋ ಹಾಗಿಲ್ಲ ಅಕ್ಕ."

"ಸರಿ, ಸ್ನೇಹಿತರ ಹತ್ರ ಬರೆಸು."

"ನೋಡ್ತೀನಿ," ಎಂದಳು ಆಕೆ. ಅಕ್ಕ "ಊಟ ಆಯ್ತೇನೆ?" ಎಂದು ಮಾತು ತಿರುಗಿಸಿದಳು.

ಮಾರನೆಯ ದಿನ ತಾಯಿಗೆ ಔಷಧಿ ಕೊಡುತ್ತಿದ್ದ ಡಾಕ್ಟರ ಬಳಿ ಹೋದಳು. ಅವರು ನಗುತ್ತಲೇ ಕಾಗದ ತೆಗೆದುಕೊಂಡರು.

"ತಾಯಿಯವರು ಹೇಗಿದ್ದಾರೆ ಈಗ?"

"ಹೋಗಿ ಎರಡು ವರ್ಷ ಆಯ್ತು ಡಾಕ್ಟ್ರೇ."

ಅವರು ಮತ್ತೆ ತಲೆ ಎತ್ತಲಿಲ್ಲ. ನಾಲ್ಕು ಸಾಲು ಗೀಚಿ, ಸಹಿ ಹಾಕಿ, ಸೀಲು ಒತ್ತಿ ಕೊಟ್ಟರು.

ಇನ್ನೊಂದು ಸಹಿಗೆ ಪಕ್ಕದ ಮನೆಯ ಬಾಗಿಲು ತಟ್ಟಿದಳು. ನಡುವೆ ಇದ್ದದ್ದು ಒಂದೇ ಗೋಡೆ. ಆ ಮನೆಯಾಕೆ ಬಾಗಿಲನ್ನು ಗೇಣಗಲ ತೆರೆದು, "ಅಯ್ಯೋ, ನೀವು ವಕೀಲ್ರಾ? ನಾನು ಟೀಚರ್ ಅಂದ್ಕೊಂಡಿದ್ದೆ" ಎಂದಳು. ಇನ್ನು ಸಹಿ ಕೇಳುವುದು ಹೇಗೆ? ಕೊರಿಯರ್‌ನವನು ಬಂದಿದ್ದನೇ ಎಂದು ಏನೋ ಒಂದು ವಿಚಾರಿಸಿ ಹಿಂದಿರುಗಿದಳು.

ಗಡುವಿಗೆ ಒಂದೇ ದಿನ ಉಳಿದಾಗ, ಎಲ್ಲರೂ ಗುಡುಗು ವಕೀಲರೆಂದು ಕರೆಯುತ್ತಿದ್ದವರ ಆಫೀಸಿನ ಮೆಟ್ಟಿಲು ಹತ್ತಿದಳು. ಅವರು ಪಿಸುಮಾತು ಆಡಿದರೂ ಕಾರಿಡಾರಿಗೆ ಕೇಳಿಸುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಮೂವತ್ತಕ್ಕೂ ಹೆಚ್ಚು ಕೇಸುಗಳಲ್ಲಿ ಇಬ್ಬರೂ ಎದುರುಬದುರು ನಿಂತಿದ್ದರು. ಕೋರ್ಟಿನ ಹೊರಗೆ ನಾಲ್ಕು ಮಾತು ಆಡಿದ್ದಿಲ್ಲ.

ಅವರು ನಮೂನೆ ಓದಿ, ಕನ್ನಡಕ ಹಣೆಗೇರಿಸಿ ಆಕೆಯನ್ನೇ ನೋಡಿದರು. ಆಮೇಲೆ ಮುಕ್ಕಾಲು ಪುಟ ಬರೆದರು. ಆಕೆ ಓದಿದಳು: 'ಇವರು ಎಂದೂ ಕಾಗದ ಬಚ್ಚಿಟ್ಟವರಲ್ಲ. ತಮ್ಮ ಕಕ್ಷಿದಾರನಿಗೆ ವಿರುದ್ಧವಾಗಿದ್ದ ತೀರ್ಪೊಂದನ್ನು ತಾವೇ ತಂದು ಕೋರ್ಟಿಗೆ ತೋರಿಸಿ, ಆ ಕೇಸು ಸೋತವರು.'

"ಅದು ನಿಮಗೆ ನೆನಪಿದೆಯಾ?"

"ಗೆದ್ದವನು ನಾನಲ್ವಾ, ಮರೀತೀನಾ? ಅದರಲ್ಲಿ ನಾನಾಗಿ ಗೆದ್ದಿದ್ದು ಕಮ್ಮಿ, ನೀವೇ ಗೆಲ್ಲಿಸಿದ್ದು. ಕೂತ್ಕೊಳ್ಳಿ, ಚಹಾ ಬರುತ್ತೆ."

ಆಕೆ ಕೂತಳು. ಹಳೆಯ ಕೇಸುಗಳು ಒಂದೊಂದಾಗಿ ಹೊರಬಂದವು. ಸುಳ್ಳು ಸಾಕ್ಷಿಯೊಬ್ಬ ತನ್ನ ಹೆಸರನ್ನೇ ಮರೆತ ಕಥೆಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಟೆ ಏಳಾಗಿದ್ದು ತಿಳಿಯಲಿಲ್ಲ.

"ನಿಮ್ಮ ತಾಯಿ ಹೋದ ದಿನ ನಿಮ್ಮ ಎರಡು ಕೇಸಿಗೂ ನಾನೇ ವಾಯಿದೆ ಕೇಳಿದ್ದೆ," ಎಂದರು ಅವರು.

"ನನಗೆ ಗೊತ್ತೇ ಇಲ್ಲ."

"ಹೇಳೋಣ ಅಂದ್ರೆ ನೀವು ನಿಂತಿದ್ರೆ ತಾನೆ."

ಹೊರಟಾಗ ಬಾಗಿಲವರೆಗೆ ಬಂದರು. "ಇನ್ನು ಹೀಗೆ ಕೂತು ಮಾತಾಡೋಕಾಗಲ್ಲ ಮೇಡಂ. ಜಡ್ಜ್ ಮನೆಗೆ ವಕೀಲ ಹೋದ್ರೆ, ಆಡ್ಕೊಳ್ಳೋರ ಬಾಯಿಗೆ ಬೀಗ ಹಾಕೋಕಾಗುತ್ತಾ?"

"ಗೊತ್ತು," ಎಂದಳು. ದಾರಿಯುದ್ದಕ್ಕೂ ಅದೇ ತಲೆಯಲ್ಲಿ. ಹದಿನಾಲ್ಕು ವರ್ಷ ಆ ಮೆಟ್ಟಿಲು ಅಲ್ಲೇ ಇತ್ತು.

ಎರಡು ತಿಂಗಳಲ್ಲಿ ನೇಮಕದ ಆದೇಶ ಬಂತು. ಆಕೆ ಹೊಸ ಊರಿಗೆ ಹೋಗಿ ಪೀಠವೇರಿದಳು. ಎರಡನೆಯ ವಾರ, ಹಳೆಯ ಕೋರ್ಟಿನಿಂದ ವರ್ಗವಾಗಿ ಬಂದ ಒಂದು ಜಮೀನು ವ್ಯಾಜ್ಯವನ್ನು ಕೂಗಿದಾಗ ಗುಡುಗು ವಕೀಲರು ಫೈಲು ಹಿಡಿದು ಎದ್ದು ನಿಂತರು. ಆಕೆ ಅವರ ಮುಖ ನೋಡದೆ ಹೇಳಿದಳು:

"ವಾದಿಯ ಪರ ವಕೀಲರು ನನ್ನ ನೇಮಕಕ್ಕೆ ನಡತೆಯ ಪತ್ರ ಕೊಟ್ಟವರು. ಅವರ ಕೇಸು ನಾನು ಕೇಳೋದು ಸರಿಯಲ್ಲ. ಬೇರೆ ನ್ಯಾಯಾಲಯಕ್ಕೆ ವರ್ಗ ಮಾಡಿ ಅಂತ ಹೈಕೋರ್ಟಿಗೆ ಬರೀತೀನಿ."

ಎದುರು ಪಕ್ಷದ ವಕೀಲ ತನ್ನದೇನೂ ತಕರಾರಿಲ್ಲ ಎಂದ. ಆಕೆ ಬೆರಳಚ್ಚುಗಾರ್ತಿಯಿಂದ ಆದೇಶ ಬರೆಸತೊಡಗಿದಳು. ಗುಡುಗು ವಕೀಲರು ತಲೆ ಬಾಗಿಸಿ, ಅವರಿಂದ ಯಾರೂ ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ "ಆಗಲಿ" ಎಂದು ಫೈಲು ಕಟ್ಟಿಕೊಂಡು ಹೊರಗೆ ಹೋದರು.

ಮಧ್ಯಾಹ್ನ ತನ್ನ ಕೊಠಡಿಯಲ್ಲಿ ಊಟದ ಡಬ್ಬಿ ಬಿಚ್ಚಿದಳು. ಕಿಟಕಿಯಾಚೆ ವಕೀಲರ ಕೋಣೆ. ಅಲ್ಲಿ ಆ ದೊಡ್ಡ ದನಿ ಯಾವುದೋ ಕಥೆ ಹೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ, ನಡುನಡುವೆ ಎಲ್ಲರೂ ನಗುವುದಷ್ಟೇ ಕೇಳುತ್ತಿತ್ತು.

"ಗಲಾಟೆ ಜಾಸ್ತಿ ಆಯ್ತಾ ಮೇಡಂ? ಕಿಟಕಿ ಹಾಕ್ಲಾ?" ಎಂದ ಜವಾನ.

"ಬೇಡಪ್ಪ, ಇರಲಿ," ಎಂದು ಆಕೆ ಅನ್ನ ಕಲಸಿದಳು.