ಇನ್ನೂ ನೀರು ಕಾದಿಲ್ಲ

ಲಕ್ಕಮ್ಮ ಒಲೆಯ ಬಾಯಿಂದ ಉರಿಯುತ್ತಿದ್ದ ಸೌದೆಯನ್ನು ಹಿಂದಕ್ಕೆ ಎಳೆದು, ಆ ಜಾಗಕ್ಕೆ ಇಬ್ಬನಿಯಲ್ಲಿ ನೆನೆದಿದ್ದ ತೆಂಗಿನ ಮಟ್ಟೆಯೊಂದನ್ನು ತುರುಕಿದಳು. ಹೊಗೆ ಬುಸ್ಸೆಂದು ಎದ್ದು ಕಣ್ಣಿಗೆ ತುಂಬಿಕೊಂಡಿತು. ನೋಡಿದವರು ಅಳುತ್ತಿದ್ದಾಳೆ ಅಂದುಕೊಳ್ಳಲಿ, ಒಳ್ಳೆಯದೇ ಆಯಿತು. ಹಂಡೆಯೊಳಕ್ಕೆ ಕೈ ಇಳಿಸಿ ನೋಡಿದಳು. ನೀರು ಉಗುರುಬೆಚ್ಚಗೂ ಆಗಿರಲಿಲ್ಲ. ಇನ್ನಷ್ಟು ಹೊತ್ತು ಸಿಕ್ಕಿತು.

"ನೀರ್ ಕಾದ್ವಾ ಲಕ್ಕವ್ವಾ?" ಅಂಗಳದಿಂದ ಕಾಂತರಾಜು ಕೂಗಿದ. ಅವನು ದಾಯಾದಿ. ಬೆಳಗಿನಿಂದ ಸಾವಿನ ಮನೆಯ ಯಜಮಾನಿಕೆಯೆಲ್ಲ ಅವನದೇ.

"ಇನ್ನೂ ಇಲ್ಲ ಕಣಪ್ಪಾ. ಸೌದೆ ಅಸಿ."

"ಮದ್ವೆಮನೆ ನೀರಾದ್ರೂ ಇಷ್ಟೊತ್ಗೆ ಕುದ್ದು ಆರಿರದು!"

ಊರಿಗೆಲ್ಲ ದೊಡ್ಡಮ್ಮ ಅನ್ನಿಸಿಕೊಂಡ ಮುದುಕಿ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಬಂದಳು. "ನೀನ್ಯಾಕಮ್ಮಿ ಒಲೆ ಮುಂದೆ ಕುಂತಿದ್ದೀಯ? ಗಂಡನ ತಲೆದೆಸೇಲಿ ಕುಂತ್ಕೊ ಓಗು. ಮಗಳು ಮೇಘಶ್ರೀ ಒಬ್ಳೇ ಬಾಯ್ ಬಡ್ಕತಾವ್ಳೆ."

"ಅವ್ರ ಮೈಗೆ ನೀರು ಕಾಸೋದು ಮದ್ವೆಯಾದಾಗ್ನಿಂದ ನನ್ನ ಕೆಲ್ಸ ದೊಡ್ಡಮ್ಮ. ಇವತ್ತೊಂದಿನ ಮಾಡ್ತೀನಿ ಬುಡು."

ಮುದುಕಿ ಹೊಗೆಯನ್ನೂ ಹಸಿ ಮಟ್ಟೆಯನ್ನೂ ಒಮ್ಮೆ ನೋಡಿ, ಬಂದ ದಾರಿಯಲ್ಲೇ ಹೋದಳು.

ಅಂಗಳದ ಮಾತು ಗೋಡೆ ದಾಟಿ ಬರುತ್ತಿತ್ತು. ಗಂಡನ ತಮ್ಮ ದೇವರಾಜ ಚನ್ನರಾಯಪಟ್ಟಣ ಬಿಟ್ಟಿದ್ದಾನಂತೆ, ಬಂದ ಕೂಡಲೇ ಹೆಣ ಮೀಸುವುದಂತೆ. ಗಂಡುಮಕ್ಕಳಿಲ್ಲದ ಕೆಂಪಣ್ಣನಿಗೆ ತಮ್ಮನದೇ ಕೊಳ್ಳಿ, ತಮ್ಮನದೇ ಹೆಗಲು.

"ಅಣ್ಣತಮ್ದಿರೆಲ್ಲ ಒಂದೊಂದು ಚೊಂಬು ಉಯ್ಬೇಕು ಕಣ್ರಪ್ಪಾ," ಕಾಂತರಾಜು ಹೇಳುತ್ತಿದ್ದ. "ಬರೀ ಮೈಲಿ ಕೂರ್ಸಿ. ಭೀಮನ ಪಾರ್ಟು ಕಟ್ಟಿದ್ ಎದೆ. ಊರೋರು ಒಂದ್ಕಿತ ನೋಡ್ಕಳ್ಳಿ."

"ಆ ಭೀಮನೇ ಮೂರ್ ವರ್ಸದಿಂದ ಯಾರ್ ಮನೆ ಹೊಸ್ಲೂ ತುಳೀಲಿಲ್ವಲ್ಲ," ಇನ್ನೊಬ್ಬ ಅಂದ. "ನನ್ನ ಮಗಳ ಬೀಗರೂಟಕ್ಕೂ ಬರ್ಲಿಲ್ಲ. ನಾಟಕದ ಗದೇನೂ ವಾಪಸ್ ಕೊಟ್ಕಳ್ಸ್ದ. ಜಂಬ ಬಂದ್ಬುಟ್ಟಿತ್ತು."

"ಜಂಬ ಅಲ್ಲ ಕಣ್ಲಾ, ಮೂಳೆ ಸವೆದೋಗಿತ್ತಂತೆ."

ಲಕ್ಕಮ್ಮ ಮಟ್ಟೆಯನ್ನು ಇನ್ನಷ್ಟು ಒಳಗೆ ನೂಕಿದಳು. ಈ ನೀರು ಕಾದರೆ ಗಂಡಸರು ಕೆಂಪಣ್ಣನ ಅಂಗಿ ತೆಗೆಯುತ್ತಾರೆ. ಪಂಚೆ ಬಿಚ್ಚುತ್ತಾರೆ. ಬಿಚ್ಚಿದರೆ ನೋಡಿಬಿಡುತ್ತಾರೆ.

*

"ಎರಡು ದಾರಿ ಇದೆ," ಅಂದಿದ್ದರು ಮೂರು ವರ್ಷದ ಹಿಂದೆ ಹಾಸನದ ಡಾಕ್ಟರು. ಪ್ರಾಸ್ಟೇಟ್ ಅನ್ನುವ ಗ್ರಂಥಿಯ ಕ್ಯಾನ್ಸರು, ಆಗಲೇ ಸೊಂಟದ ಮೂಳೆಗೆ ಇಳಿದಿತ್ತು. ಅದಕ್ಕೆ ಮೇವು ಹಾಕುವುದು ಗಂಡಸಿನ ಮೈಯ ರಸವೇ. ಅದನ್ನು ನಿಲ್ಲಿಸಬೇಕು. ಬದುಕಿರುವವರೆಗೂ ಮೂರು ತಿಂಗಳಿಗೊಂದು ಇಂಜೆಕ್ಷನ್ ತಗೊಳ್ಳಬಹುದು, ಇಲ್ಲವೇ ಒಂದೇ ಸಲ ಆಪರೇಷನ್ ಮಾಡಿ ಬೀಜ ತೆಗೆದುಬಿಡಬಹುದು.

ಕೆಂಪಣ್ಣ ಮೇಜಿನ ಕಾಲು ನೋಡುತ್ತ ಲೆಕ್ಕ ಹಾಕಿದ. ಮೂರು ತಿಂಗಳಿಗೊಮ್ಮೆ ಹಾಸನಕ್ಕೆ ಕಟ್ಟಾಯದ ಬಸ್ಸು ಹತ್ತಿದರೆ ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ, ಎಲ್ಲಿಗೆ ಕೆಂಪಣ್ಣ, ಏನಾಗಿತ್ತು, ಯಾವ ಡಾಕ್ಟ್ರು. "ತೆಗ್ದುಬುಡಿ ಸಾ," ಅಂದ.

ಊರಿಗೆ ಹರ್ನಿಯಾ ಆಪರೇಷನ್ ಅಂತ ಹೇಳಿದರು. ಊರು ನಂಬಿತು.

ಹೊರಡುವಾಗ ಡಾಕ್ಟರು ಕೇಳಿದ್ದರು, "ತಮ್ಮಂದಿರು ಇದ್ದಾರಾ? ಐವತ್ತು ದಾಟಿದ್ದರೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿಕೊಳ್ಳೋಕೆ ಹೇಳಿ. ಅಣ್ಣನಿಗೆ ಬಂದದ್ದು ತಮ್ಮನಿಗೂ ಬರಬಹುದು."

ಬಸ್ಸಿನಲ್ಲಿ ಲಕ್ಕಮ್ಮ ಮೆಲ್ಲಗೆ ವಿಷಯ ತೆಗೆದಳು. "ದೇವರಾಜಂಗೊಂದು ಮಾತು..."

ಕೆಂಪಣ್ಣ ಅವಳ ಕೈಯನ್ನು ಎಳೆದು ತನ್ನ ತಲೆಯ ಮೇಲಿಟ್ಟುಕೊಂಡ. "ಆಣೆ ಮಾಡು. ಅವ್ನ ಬಾಯಿ ಸಂತೆ ಡಂಗೂರ. ತಮಾಷಿಗೇ ಅಂದಾನು, ನಮ್ಮಣ್ಣ ಇಂಗಾದ ಅಂತ. ನಿನ್ನ ಬಾಯಿಂದ ಒಂದ್ ಮಾತು ಬರ್ಕೂಡ್ದು."

ಅವಳು ಆಣೆ ಮಾಡಿದಳು. ಅಂಥ ಮುಖವನ್ನು ನೋಡಿ ಯಾರು ತಾನೇ ಮಾಡದೆ ಇದ್ದಾರು.

ಆಮೇಲಿನದು ಇಬ್ಬರೇ ಉಂಡ ಸಂಕಟ. ಪುಷ್ಯಮಾಸದ ನಡುರಾತ್ರಿ ಮೈಗೆ ಬೆಂಕಿ ಬಿದ್ದವನಂತೆ ಎದ್ದು ಕೂರುತ್ತಿದ್ದ, ಅಂಗಿ ಹಿಂಡಿದರೆ ನೀರು. ಎದೆ ಹೆಣ್ಣಿನದರಂತೆ ಊದಿಕೊಂಡಿತು, ಟವೆಲ್ಲು ತಗುಲಿದರೂ ನೋವು. ಮೂತ್ರದ ದಾರಿ ಬಿಡಿಸಲು ಮಾಡಿದ ಇನ್ನೊಂದು ಆಪರೇಷನ್ ಆದಮೇಲೆ ಹಿಡಿತವೂ ತಪ್ಪಿತು. ಕೆಮ್ಮಿದರೆ ಒದ್ದೆ, ಎದ್ದರೆ ಒದ್ದೆ, ನಕ್ಕರೆ ಒದ್ದೆ. ಅದಕ್ಕೇ ಅವನು ನಗುವುದನ್ನೇ ಬಿಟ್ಟ. ಅವಳು ಹಳೆಯ ಪಂಚೆ ಹರಿದು, ಮಡಿಸಿ ಹೊಲಿದು, ಒಗೆದದ್ದನ್ನು ತನ್ನ ಸೀರೆಯ ಕೆಳಗೆ ಮರೆಮಾಡಿ ಒಣಗಿಸುತ್ತಿದ್ದಳು.

ಒಂದು ಸಂಜೆ ಜಗಲಿಯ ಮೇಲೆ ಕೂತು, ಅವಳ ಕಡೆ ನೋಡದೆ ಕೇಳಿದ, "ಈಗ ನಾನು ನಿಂಗೇನಾಗ್ಬೇಕು ಲಕ್ಕಿ?"

"ಏನಾಗ್ಬೇಕಿತ್ತು? ಮುದ್ದೆ ಆರೋಯ್ತದೆ, ಉಣ್ಣಾಕೇಳಿ," ಅಂದಳು.

*

ದೇವರಾಜ ಬಂದದ್ದು ಊರಿಗೆಲ್ಲ ಕೇಳಿಸಿತು. ಕಾರಿನಿಂದ ಇಳಿಯುವಾಗಲೇ "ಅಣ್ಣಯ್ಯಾ" ಎಂದು ಬೋರಾಡಿದ. ಭಾರಿ ಆಳು, ತೆಂಗಿನಕಾಯಿ ವ್ಯಾಪಾರದ ದೊಡ್ಡ ಗಂಟಲು. ಅಳು ಮುಗಿಯುತ್ತಲೇ ಕಾಂತರಾಜುವಿನ ಹೊಟ್ಟೆ ನೋಡಿ, "ನಿನ್ನ ಹೊರೋಕೆ ಮಾತ್ರ ಟ್ರ್ಯಾಕ್ಟರೇ ಬೇಕು ಕಣ್ಲಾ," ಅಂದ. ನಾಲ್ಕು ಜನ ನಕ್ಕರು. ಒಲೆಯ ಮುಂದಿದ್ದ ಲಕ್ಕಮ್ಮನಿಗೆ ಆ ನಗು ಕೇಳಿಸಿತು. ಈ ಬಾಯಿಗೆ ಹೆದರಿಯೇ ಅಲ್ಲವೇ ಕೆಂಪಣ್ಣ ಬದುಕಿದ್ದು.

ಸ್ವಲ್ಪ ಹೊತ್ತಿಗೆ ದೇವರಾಜ ಹಿತ್ತಿಲಿಗೆ ಬಂದ. ಹೊಗೆಯಲ್ಲಿ ಅವಳು ಕಾಣಲಿಲ್ಲವೇನೋ, ಬಾಳೆಗಿಡಗಳ ಆಚೆ ಹೋಗಿ ನಿಂತ. ಅವಳು ಮುಖ ತಿರುಗಿಸಿಕೊಂಡಳು. ಕಿವಿ ತಿರುಗಲಿಲ್ಲ.

ನಿಂತ. ನಿಂತೇ ಇದ್ದ. ಸದ್ದೇ ಇಲ್ಲ. ಆಮೇಲೆ ಒಂದಿಷ್ಟು ಹನಿ. ಮತ್ತೆ ಇಲ್ಲ. ತಿಣುಕಿದ ಉಸಿರು, ಮತ್ತೊಂದಿಷ್ಟು ಹನಿ. "ಥತ್," ಅಂದದ್ದು ಕೇಳಿಸಿತು.

ಈ ಸದ್ದು ಲಕ್ಕಮ್ಮನಿಗೆ ಗೊತ್ತು. ಇದೇ ಬಾಳೆಯ ಬುಡದಲ್ಲಿ, ಕೆಂಪಣ್ಣ ಆಸ್ಪತ್ರೆಗೆ ಹೋಗುವುದಕ್ಕೂ ಎಷ್ಟೋ ಮುಂಚೆ, ಕೇಳಿ ಕೇಳಿ ಸುಮ್ಮನಿದ್ದವಳು ಅವಳೇ.

ತಿರುಗಿದವನು ಅವಳನ್ನು ಕಂಡು ಪೆಚ್ಚಾದ. "ದಾರೀಲಿ ಟೀ ಜಾಸ್ತಿ ಆಯ್ತು ಅತ್ಗೆ."

ಕೆಂಪಣ್ಣನೂ ಮೊದಮೊದಲು ಟೀಯನ್ನೇ ಬೈಯುತ್ತಿದ್ದ.

ಅಂಗಳಕ್ಕೆ ಹೋದವನು ಒಂದು ಎಲೆಯಡಿಕೆ ಜಗಿಯುವಷ್ಟರಲ್ಲಿ ಮತ್ತೆ ಬಂದ. ಮತ್ತೆ ಅದೇ ನಿಲುವು, ಅದೇ ಉಸಿರು. ಅವಳು ಒಲೆಯನ್ನು ನೋಡಿದಳು. ಸತ್ತವನಿಗೆ ಕೊಟ್ಟ ಮಾತು ಒಂದು ಕಡೆ, ಇಲ್ಲಿ ತಿಣುಕುತ್ತ ನಿಂತವನ ಜೀವ ಒಂದು ಕಡೆ. ಮೂರು ವರ್ಷ ನಾಲಿಗೆ ಕಟ್ಟಿಕೊಂಡು ಇವನನ್ನು ಇಲ್ಲಿಗೆ ತಂದು ನಿಲ್ಲಿಸಿದವಳು ತಾನೇ. ಈಗ ಕರೆದು ಹೇಳಿದರೂ ನಕ್ಕುಬಿಟ್ಟಾನು. ನಕ್ಕು ಅಂಗಳದಲ್ಲಿ ಹೇಳಿಯಾನು. ಹೇಳದೆ, ಅವನೇ ಕಣ್ಣಾರೆ ಕಂಡರೆ?

ಅವಳು ಹೊಗೆಯಾಡುತ್ತಿದ್ದ ಮಟ್ಟೆಯನ್ನು ಎಳೆದು ಆಚೆ ಎಸೆದಳು. ಒಣಗಿದ ಕಾಯಿಚಿಪ್ಪುಗಳನ್ನು ಮಡಿಲಲ್ಲಿ ತುಂಬಿ ತಂದು ಒಲೆಗೆ ಸುರಿದಳು. ಉರಿ ಹಂಡೆಯ ಕುತ್ತಿಗೆಯವರೆಗೂ ಹತ್ತಿತು.

ನೀರು ಕಾದ ಮೇಲೆ ತಾನೇ ಅಂಗಳಕ್ಕೆ ಹೋಗಿ ನಿಂತಳು. "ಸುತ್ತ ಸೀರೆ ಕಟ್ಟಿ ಮರೆ ಮಾಡಿ. ದೇವರಾಜ, ನಿಮ್ಮಣ್ಣನ್ನ ನೀನೊಬ್ನೇ ತೊಳೀಬೇಕು. ಬ್ಯಾರೆ ಯಾರೂ ಬ್ಯಾಡ."

"ಇದ್ಯಾವ ಸೀಮೆ ಪದ್ಧತಿ?" ಕಾಂತರಾಜು ಎದ್ದ. "ನಾವೇನ್ ಅಣ್ಣತಮ್ದಿರಲ್ವಾ? ಎಂಗಸ್ರ ಮಾತ್ ಕೇಳ್ಕಂಡು..."

"ಕಟ್ರಲಾ ಸೀರೆಯ!" ದೊಡ್ಡಮ್ಮ ಕೂತಲ್ಲಿಂದಲೇ ಗದರಿದಳು. "ಎಂಡ್ತಿ ಕೇಳ್ತಾವ್ಳೆ. ನಿನ್ನ ಎಣ ಬೇಕಾರೆ ಅರಕಲಗೂಡು ಬಸ್‌ಸ್ಟ್ಯಾಂಡಲ್ಲಿ ಮೀಸ್ಕೊ, ಯಾರ್ ಬ್ಯಾಡ ಅಂದರು?"

ಸೀರೆಗಳು ಎದ್ದವು. ದೇವರಾಜ ಬಿಸಿನೀರು, ಸೀಗೆಪುಡಿ ಹಿಡಿದು ಒಳಗೆ ಹೋದ. ಚೊಂಬಿನ ಸದ್ದು, ನೀರಿನ ಸದ್ದು, "ಅಣ್ಣಯ್ಯಾ, ಕೈ ಎತ್ತು," ಅನ್ನುವ ಮಾತು. ಆಮೇಲೆ ಚೊಂಬು ನಿಂತಿತು.

ಲಕ್ಕಮ್ಮ ಕಂಬವನ್ನು ತಬ್ಬಿ ಹಿಡಿದಳು. ಕೂಗುತ್ತಾನೆಯೇ? ಕರೆಯುತ್ತಾನೆಯೇ?

"ಏನ್ಲಾ ದೇವರಾಜ, ಕೈ ಆಕ್ಲಾ?" ಕಾಂತರಾಜು ಸೀರೆಯ ಅಂಚಿಗೆ ಕೈ ಇಟ್ಟ.

"ಯಾರೂ ಒಳೀಕೆ ಬರ್ಬ್ಯಾಡಿ!" ಆ ದೊಡ್ಡ ಗಂಟಲು ಸೀಳಿಹೋಗಿತ್ತು. ಮತ್ತೆ ನೀರು ಬಿದ್ದ ಸದ್ದು, ಆಮೇಲೆ, "ಅಂಗಿ ಕೊಡಿ. ತುಂಬುತೋಳಿಂದು."

ಮರೆ ಸರಿದಾಗ ಕೆಂಪಣ್ಣ ಹೊಸ ಪಂಚೆಯಲ್ಲಿ, ಕೊರಳವರೆಗೂ ಗುಂಡಿ ಹಾಕಿದ ಬಿಳಿ ಅಂಗಿಯಲ್ಲಿ, ಮೇಲೊಂದು ಶಲ್ಯ ಹೊದ್ದು ಕುಳಿತಿದ್ದ.

"ಭೀಮನ ಎದೆ..." ಕಾಂತರಾಜು ರಾಗ ತೆಗೆದ.

"ಚಳಿ ಕಣೋ ಅಣ್ಣಯ್ಯಂಗೆ," ಅಂದ ದೇವರಾಜ. ಯಾರೂ ನಗಲಿಲ್ಲ.

*

ಕೈ ತೊಳೆಯುವ ನೆಪದಲ್ಲಿ ಅವನು ಹಿತ್ತಿಲಿಗೆ ಬಂದ. ತೊಳೆಯಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ.

"ಅರ್ನಿಯ ಅಂದ್ರಿ."

ಲಕ್ಕಮ್ಮ ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದಳು.

"ಯಾರ್ಗೂ ಯೋಳಲ್ಲ ಅತ್ಗೆ. ಇದೊಂದು ಮಾತ್ರ ಯಾರ್ಗೂ ಯೋಳಲ್ಲ." ಅಂಗೈಯಿಂದ ಮುಖ ಉಜ್ಜಿಕೊಂಡ. ಸೀಗೆ ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು.

"ನಿಂಗೆ ರಾತ್ರಿ ಎಷ್ಟ್ ಸಲ ಎದ್ದೇಳ್ಬೇಕು ದೇವರಾಜ?"

ಅವನು ತಟ್ಟನೆ ತಲೆಯೆತ್ತಿದ. ಅಣ್ಣನ ಮುಖದಲ್ಲಿ ಅವಳು ಕಂಡಿದ್ದ ಅದೇ ಭಯ, ಅದೇ ಹುಬ್ಬಿನ ಕೆಳಗೆ. ಜೇಬಿನಿಂದ ಪರ್ಸು ತೆಗೆದು, ಅದರ ಹಿಂದಿನ ಅರೆಯಿಂದ ಮಡಿಕೆ ಸವೆದ ಕಾಗದವೊಂದನ್ನು ಎಳೆದ.

"ಪಟ್ಟಣದ ಡಾಕ್ಟ್ರು ಬರ್ದುಕೊಟ್ಟಿದ್ದು, ಹಾಸನದೋರಿಗೆ ತೋರ್ಸು ಅಂತ. ರಕ್ತದಲ್ಲಿ ಏನೋ ಜಾಸ್ತಿ ಬಂದೈತಂತೆ. ಶಿವರಾತ್ರಿಗೂ ಮುಂಚೆ. ಯುಗಾದಿ ಕಳೀಲಿ ಅಂದೆ. ಗೌರಿಹಬ್ಬ ಕಳೀಲಿ ಅಂದೆ. ಮನೇಲೂ ಯೋಳಿಲ್ಲ." ಅವನ ದನಿ ಇಳಿಯಿತು. "ನಂಗೂ ಅಂಗೇ ಕುಯ್ತಾರಾ ಅತ್ಗೆ?"

"ಗೊತ್ತಿಲ್ಲ ಕಣಪ್ಪಾ. ಅವ್ರು ಆಸ್ಪತ್ರೆಗೆ ಓಗೋ ಹೊತ್ಗೆ ಮೂಳೆಗೆ ಇಳ್ದೋಗಿತ್ತು. ನಿಂಗೆ ಇಳೀದೆ ಇರ್ಬೋದು."

"ಇಳ್ದಿದ್ರೆ?"

ಮಗಳು ಕೊಡಿಸಿದ್ದ ಫೋನನ್ನು ಲಕ್ಕಮ್ಮ ಸೊಂಟದಿಂದ ತೆಗೆದಳು. "ಆಸ್ಪತ್ರೆ ಸಿಸ್ಟರ್ ನಂಬ್ರ ಇದ್ರಲ್ಲೈತೆ. ರಾತ್ರಿ ಅಗಲು ಅನ್ನದೆ ಕೇಳಿವ್ನಿ, ಒಳ್ಳೆ ಹುಡ್ಗಿ. ಕಾಗ್ದದ ಪಟ ಹಿಡ್ದು ಕಳ್ಸುದ್ರೆ ಯಾವತ್ ಬರ್ಬೇಕು ಅಂತ ಯೋಳ್ತಾಳೆ."

"ನಾಳೆ ಕಳ್ಸುವಾ. ಇವತ್ತು ಅಣ್ಣಯ್ಯನ..."

"ಇವತ್ತೇ."

ಕಾಗದವನ್ನು ಕಲ್ಲಿನ ಮೇಲೆ ಹರಡಿ, ನಾಲ್ಕು ಮೂಲೆಯನ್ನೂ ಅವಳು ಅಂಗೈಯಿಂದ ಅದುಮಿ ಹಿಡಿದಳು. ಅವನು ತೆಗೆದ ಮೊದಲ ಪಟ ಮಸುಕಾಗಿತ್ತು. ಇನ್ನೊಂದು ತೆಗೆದು ಸಿಸ್ಟರ್ ನಂಬರಿಗೆ ಹಾಕಿದ, ಕಳಿಸುವ ಗುಂಡಿ ಒತ್ತುವುದಷ್ಟೇ ಉಳಿದಿತ್ತು. ಅಂಗಳದಲ್ಲಿ ತಮಟೆ ಶುರುವಾಯಿತು.

"ದೇವರಾಜಾ, ಎಗಲ್ ಕೊಡ್ ಬಾರ್ಲಾ! ಒತ್ತು ಮೀರ್ತದೆ!"

"ಎದ್ರಿಕೆ ಆಯ್ತದೆ ಅತ್ಗೆ," ಅಂದ, ತಮಟೆಯ ಸದ್ದಿನಲ್ಲಿ ಅವಳಿಗಷ್ಟೇ ಕೇಳುವ ಹಾಗೆ.

"ನಂಗೂ ಆಯ್ತದೆ. ಒತ್ತು."

ಒತ್ತಿದ. ಸೀಗೆಯ ನೀರು ಹತ್ತಿದ ಬೆರಳಿಗೆ ಫೋನಿನ ಗಾಜು ಒಪ್ಪಲಿಲ್ಲ. ಮತ್ತೆ ಒತ್ತಿದ, ಬೆರಳು ಜಾರಿತು. ಲಕ್ಕಮ್ಮ ಅವನ ಹೆಬ್ಬೆರಳನ್ನು ತನ್ನ ಸೆರಗಿನಲ್ಲಿ ಹಿಡಿದು, ಉಂಡೆದ್ದ ಮಗುವಿನ ಕೈ ಒರೆಸುವ ಹಾಗೆ ಒರೆಸಿದಳು, ಉಗುರಿನ ಸಂದಿಯನ್ನೂ ಬಿಡದೆ. ಆ ಒಣ ಬೆರಳನ್ನು ಅವನು ಕಣ್ಣು ಮುಚ್ಚಿಕೊಂಡು ಗಾಜಿನ ಮೇಲೆ ಇಟ್ಟ. ಕಾಗದದ ಪಟ ಒಂದು ಗಳಿಗೆ ಅಲ್ಲೇ ಸುತ್ತಿತು, ಸುತ್ತಿತು, ಹೋಯಿತು.